ಬೆಳಕು ಬಿಟ್ಟರೆ ಬ್ಯಾಕ್ಟೀರಿಯಾ ಸಾಯುತ್ತಾ?

ಪ್ರಶ್ನೆ: ಆ್ಯಂಟಿಬಯೋಟಿಕ್‌ಗೂ ಬಗ್ಗದ ಬ್ಯಾಕ್ಟೀರಿಯಾವನ್ನು ಬಣ್ಣ ಹಚ್ಚಿ, ಬೆಳಕು ಬಿಟ್ಟು ಕೊಲ್ಲಬಹುದಂತೆ. ನಿಜವಾ? ಹಾಗಿದ್ದರೆ ಮಾತ್ರೆಗಳ ಗೊಡವೆಯೇ ಬೇಡ ಅಲ್ವಾ?

ಉತ್ತರ: ಕೊಲ್ಲುವುದು ನಿಜ. ಮಾತ್ರೆ ಬೇಡ ಅನ್ನೋದು ಮಾತ್ರ ಆತುರದ ಮಾತು.

ವಿಷಯ ಹಳೆಯದೇ. 1900ರ ಹೊತ್ತಿಗೆ ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ, ಅಕ್ರಿಡೀನ್ ಎಂಬ ರಾಸಾಯನಿಕ ಬೆರೆಸಿದ ನೀರಿನಲ್ಲಿದ್ದ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿ ಬೆಳಕಿದ್ದರೆ ಬೇಗ ಸಾಯುತ್ತದೆ ಎಂದು ಗಮನಿಸಿದ್ದ. ಆಮೇಲೆ ಪೆನಿಸಿಲಿನ್ ಬಂತು, ಸೋಂಕಿಗೆ ಬೆಳಕು ಬಳಸುವ ವಿಚಾರ ಮೂಲೆಗೆ ಬಿತ್ತು.

ಇಲ್ಲಿ ಕೊಲ್ಲುವುದು ಬಣ್ಣವಲ್ಲ, ಆಮ್ಲಜನಕ. ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನೇ ತಗೊಳ್ಳಿ. ಸುಮಾರು 660 ನ್ಯಾನೋಮೀಟರ್‌ನ ಕೆಂಪು ಬೆಳಕು ಬಿದ್ದರೆ ಅದು ಆ ಶಕ್ತಿಯನ್ನು ಹೀರಿಕೊಂಡು ಪಕ್ಕದಲ್ಲಿರುವ ಆಮ್ಲಜನಕಕ್ಕೆ ದಾಟಿಸುತ್ತದೆ, ಹಾಗೆ ಕೆರಳಿದ ಆಮ್ಲಜನಕ ಕೈಗೆ ಸಿಕ್ಕಿದ್ದನ್ನೆಲ್ಲ, ಅಂದರೆ ಬ್ಯಾಕ್ಟೀರಿಯಾದ ಹೊರಪೊರೆ, ಪ್ರೋಟೀನ್, ಡಿಎನ್ಎ ಎಲ್ಲವನ್ನೂ ಹಾಳು ಮಾಡುತ್ತದೆ. ಆ್ಯಂಟಿಬಯೋಟಿಕ್ ಸಾಮಾನ್ಯವಾಗಿ ಒಂದೆರಡು ಜಾಗಕ್ಕೆ ಗುರಿಯಿಡುತ್ತದೆ. ಆ ಜಾಗ ಬದಲಾಯಿಸಿಕೊಂಡರೆ ಬ್ಯಾಕ್ಟೀರಿಯಾ ಬಚಾವ್. ಇಲ್ಲಿ ಏಟು ಎಲ್ಲ ಕಡೆಯಿಂದ ಬೀಳುವುದರಿಂದ ಹಾಗೆ ತಪ್ಪಿಸಿಕೊಳ್ಳೋದು ಕಷ್ಟ. ಎಂಆರ್‌ಎಸ್‌ಎಯಂಥ, ಹಲವು ಆ್ಯಂಟಿಬಯೋಟಿಕ್‌ಗೆ ಬಗ್ಗದ ಹಟಮಾರಿ ಬ್ಯಾಕ್ಟೀರಿಯಾವೂ ಸಾಯುತ್ತದೆ. ಇ. ಕೋಲೈ ಥರದ ಬ್ಯಾಕ್ಟೀರಿಯಾಗಳಿಗೆ ಹೊರಗೆ ಇನ್ನೊಂದು ಪೊರೆ ಇರುತ್ತದೆ, ಅಲ್ಲಿ ಧನ ವಿದ್ಯುದಾವೇಶ ಇರುವ ಬಣ್ಣಗಳೇ ಚೆನ್ನಾಗಿ ಅಂಟಿಕೊಳ್ಳುತ್ತವೆ.

ತೊಡಕಿರುವುದು ಬೆಳಕಿನಲ್ಲಿ. ಕೆಂಪು ಬೆಳಕೂ ಚರ್ಮದೊಳಗೆ ಕೆಲವೇ ಮಿಲಿಮೀಟರ್ ಇಳಿಯುತ್ತದೆ. ಹಾಗಾಗಿ ಗಾಯ, ವಸಡು, ಮೂಗಿನ ಒಳಭಾಗ, ಇಂಥ ಕಡೆ ಸರಿ. ರಕ್ತಕ್ಕೆ, ಶ್ವಾಸಕೋಶದ ಆಳಕ್ಕೆ ಸೋಂಕು ಹೋಗಿದ್ದರೆ ಆ್ಯಂಟಿಬಯೋಟಿಕ್ಕೇ ಬೇಕು.

ಪ್ರಶ್ನೆ: ನಮ್ಮ ಜೀವಕೋಶಗಳೂ ಸಾಯಬೇಕಲ್ಲ?

ಉತ್ತರ: ಒಳ್ಳೆ ಪ್ರಶ್ನೆ. ಸಾಯಬಹುದು, ಕ್ಯಾನ್ಸರ್ ಕೋಶಗಳ ಮೇಲೆ ಇದೇ ವಿದ್ಯೆ ಬಳಸುತ್ತಾರೆ. ಆದರೆ ಕೆರಳಿದ ಆಮ್ಲಜನಕದ ಆಯಸ್ಸು ನೀರಿನಲ್ಲಿ ಕೆಲವೇ ಮೈಕ್ರೋಸೆಕೆಂಡ್. ತಾನು ಹುಟ್ಟಿದ ಜಾಗ ಬಿಟ್ಟು ದೂರ ಹೋಗುವುದೇ ಇಲ್ಲ. ಬ್ಯಾಕ್ಟೀರಿಯಾದ ಮೈಮೇಲೆ ಋಣ ಆವೇಶ ಜಾಸ್ತಿ, ಬಣ್ಣ ಅದಕ್ಕೆ ಬೇಗ ಅಂಟುತ್ತದೆ. ನಮ್ಮ ಕೋಶದೊಳಗೆ ಹೋಗೋಕೆ ಹೆಚ್ಚು ಹೊತ್ತು ಬೇಕು. ಆ ಹೊತ್ತಿನೊಳಗೆ ಬೆಳಕು ಬಿಟ್ಟು ಮುಗಿಸುವುದೇ ವೈದ್ಯರ ಜಾಣ್ಮೆ. ಅದಕ್ಕೇ ಬಣ್ಣ ಎಷ್ಟು, ಬೆಳಕು ಎಷ್ಟು ನಿಮಿಷ ಅನ್ನೋ ಲೆಕ್ಕ ತಪ್ಪುವಂತಿಲ್ಲ. ಸುಮ್ನೆ ಮನೆಯಲ್ಲಿ ಗಾಯಕ್ಕೆ ಬಣ್ಣ ಬಳಿದು ಟಾರ್ಚ್ ಹಿಡಿಯೋಕೆ ಹೋಗಬೇಡಿ.