ಬಿದ್ದ ಫೈಬರ್ ದೋಣಿಗೆ ಪೇಂಟ್ ಹೊಡೆಸೋಕೆ ಮುಂಚೆ ಒಳಗಿನ ಹಲಗೆ ಬಿಚ್ಚಿಸಿ

ವರ್ಕ್‌ಶಾಪಲ್ಲಿ ದೋಣಿ ಬಿತ್ತು, ಹೊರಗೆ ಬರೀ ಗೀರು, ಅವರೇ ಪುಕ್ಕಟೆ ಪೇಂಟ್ ಹೊಡೆದು ಕೊಡ್ತಾರಂತೆ, ಒಪ್ಪಿಕೊಳ್ಳಲಾ ಇಲ್ಲ ಹಾನಿ ನೋಡಿ ರಿಪೋರ್ಟ್ ಬರೆಯೋ ಸರ್ವೇಯರ್ ಕರೆಸಲಾ ಅಂತ ಕೇಳಿದ್ದೀರಿ. ನಿಮಗೆ ಪುಕ್ಕಟೆ ಪೇಂಟ್ ಸಿಕ್ಕಿದೆ ಅಂತ ಕೇಳಿಯೇ ನನಗೆ ಹೆದರಿಕೆ ಆಯ್ತು. ನನಗೂ ಸಿಕ್ಕಿತ್ತು.

ನಮ್ಮದು ನಾರಾಯಣಪುರದ ಬಸವಸಾಗರ ಹಿನ್ನೀರಿನಲ್ಲಿ ಮೀನು ಹಿಡಿಯೋ ದೋಣಿ. ಹರಿಗೋಲು ಬಿಟ್ಟು ಫೈಬರ್‌ಗೆ ಬಂದಿದ್ದು ಸಾಲ ಮಾಡಿ. ಸೀಟಿನ ಬಾಕ್ಸ್ ಒಡೆದಿತ್ತು ಅಂತ ಟ್ರೇಲರ್ ಮೇಲೆ ಹಾಕಿ ಕಲಬುರಗಿಗೆ ಒಯ್ದೆವು. ನೀರಿನ ಟ್ಯಾಂಕು, ಬಾಗಿಲು ಮಾಡೋ ವರ್ಕ್‌ಶಾಪ್ ಅದು. ದೋಣಿ ಎತ್ತಿ ಅವರಿಗೆ ರೂಢಿ ಇರಲಿಲ್ಲ. ಜೆಸಿಬಿ ಬಕೆಟ್‌ಗೆ ಬೆಲ್ಟ್ ಕಟ್ಟಿ ಎತ್ತಿದ್ದಾರೆ, ಬೆಲ್ಟ್ ಜಾರಿದೆ, ದೋಣಿ ಕಲ್ಲಿನ ಮೇಲೆ ಬಿದ್ದಿದೆ. ಫೋನ್ ಬಂದ ತಕ್ಷಣ ಹೋಗಿ ನೋಡಿದರೆ ತಳದಲ್ಲಿ ಅಂಗೈ ಅಗಲ ಬಣ್ಣ ಕಿತ್ತಿತ್ತು, ಅಷ್ಟೇ. ಮಾಲೀಕರು ಚಹಾ ತರಿಸಿದರು. "ಏನೂ ಆಗಿಲ್ರೀ ಅಣ್ಣಾರ, ಬರೇ ಬಣ್ಣ ಹೋಗ್ಯಾದ. ನಾವೇ ಹೊಡ್ದು ಕೊಡ್ತೀವಿ, ನೀವು ಒಂದು ರೂಪಾಯಿ ಕೊಡಬ್ಯಾಡ್ರಿ" ಅಂದರು. ಒಳ್ಳೆ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ.

ಪೇಂಟ್ ಆದ ಮೇಲೆ ತರೋಕೆ ಹೋದಾಗ ರಿಜಿಸ್ಟರ್ ಮುಂದಿಟ್ಟರು. "ದೋಣಿಯನ್ನು ಸುಸ್ಥಿತಿಯಲ್ಲಿ ಪಡೆದಿದ್ದೇನೆ." ಸಹಿ ಹಾಕಿದೆ. ನಾನು ಕೆಟ್ಟಿದ್ದು ಇಲ್ಲೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ. ಆ ಒಂದು ಸಾಲಿನಿಂದ ದೋಣಿ ಬಿದ್ದಿತ್ತು ಅನ್ನೋದೇ ಕಾಗದದ ಮೇಲೆ ಇಲ್ಲದಂತಾಯ್ತು. ಬಿದ್ದಿದ್ದು ಅವರೂ ಬರೆದುಕೊಂಡಿರಲಿಲ್ಲ, ನಾನೂ ಬರೆಸಿಕೊಂಡಿರಲಿಲ್ಲ. ಪೇಂಟ್ ಹೊಡೆಯೋ ಮುಂಚೆ ಒಂದು ಫೋಟೋ ಕೂಡ ತೆಗೆದಿರಲಿಲ್ಲ. ಇನ್ಶೂರೆನ್ಸ್ ಇತ್ತು. ಆದರೆ ಗೀರಿಗೆಲ್ಲಾ ಯಾರು ಕ್ಲೇಮ್ ಮಾಡ್ತಾರೆ ಅಂತ ಸುಮ್ನಿದ್ದೆ. ಸಹಿಯ ಪಕ್ಕ "ಎತ್ತುವಾಗ ಬಿದ್ದಿದೆ, ಒಳಗೆ ನೋಡಿಲ್ಲ" ಅಂತ ಬರೆದಿದ್ದರೂ ಸಾಕಿತ್ತು. ಪೆನ್ನು ಕೈಯಲ್ಲೇ ಇತ್ತು ಮಾರಾಯ್ರೇ.

ಗಾಳಿ ಜೋರಾದ ಒಂದು ದಿನ ನಡುನೀರಲ್ಲಿ ಗೊತ್ತಾಯ್ತು. ಅಲೆ ಬಡಿದಾಗಲೆಲ್ಲ ಪಾದದ ಕೆಳಗೆ ತಳ ಏಳೋದು, ಇಳಿಯೋದು. ದಡಕ್ಕೆ ತಂದು ಕಾಲಿಡೋ ಹಲಗೆ ಬಿಚ್ಚಿದೆವು. ಫೈಬರ್ ದೋಣಿ ತಳದಲ್ಲಿ ಉದ್ದಕ್ಕೂ ಗಟ್ಟಿ ಪಟ್ಟಿಗಳಿರುತ್ತವೆ, ಅವನ್ನ ರೆಸಿನ್ ಅನ್ನೋ ಅಂಟು, ಗ್ಲಾಸ್ ಮ್ಯಾಟ್ ಅನ್ನೋ ಗಾಜಿನ ನಾರಿನ ಹಾಸು ಹಾಕಿ ತಳಕ್ಕೆ ಅಂಟಿಸಿರ್ತಾರೆ. ನಮ್ಮದರಲ್ಲಿ ಪಟ್ಟಿಗೂ ತಳಕ್ಕೂ ನಡುವೆ ನನ್ನ ಎಟಿಎಂ ಕಾರ್ಡ್ ಸಲೀಸಾಗಿ ಒಳಗೆ ಹೋಯ್ತು. ಮಲ್ಪೆಯಲ್ಲಿ ದೋಣಿ ಕಟ್ಟೋ ಒಬ್ಬರಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಫೈಬರ್ ಪೆಟ್ಟು ತಿಂದಾಗ ಬಾಗಿ ವಾಪಸ್ ಬರುತ್ತೆ, ಅದಕ್ಕೇ ಹೊರಗೆ ಏನೂ ಕಾಣಲ್ಲ, ಬಾಗದೇ ಇರೋ ಪಟ್ಟಿ ಒಳಗೆ ಬಿಟ್ಟುಕೊಳ್ಳುತ್ತೆ ಅಂದರು.

ಆಮೇಲೆ ಇನ್ಶೂರೆನ್ಸ್ ಸರ್ವೇಯರ್ ಬಂದರು. ಹೊಸ ಪೇಂಟ್ ನೋಡಿದರು, ನನ್ನ ಸಹಿ ನೋಡಿದರು. ಇದು ಅಲ್ಲೇ ಆಗಿದ್ದು ಅಂತ ಹೇಗೆ ಬರೀಲಿ ಅಂದರು. ಕ್ಲೇಮ್ ಹೋಯ್ತು, ರಿಪೇರಿ ಖರ್ಚು ನನ್ನ ತಲೆ ಮೇಲೆ ಬಂತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಪೇಂಟಾ, ಸರ್ವೇಯರಾ ಅನ್ನೋ ಆಯ್ಕೆ ಇಲ್ಲೇ ಇಲ್ಲ. ಮೊದಲು ಪೇಂಟ್ ನಿಲ್ಲಿಸಿ, ಇವತ್ತೇ. ಪೆಟ್ಟು ಬಿದ್ದ ಸುತ್ತ ಜೇಡರ ಬಲೆ ಥರ ಸಣ್ಣ ಬಿರುಕು ಮೇಲಿನ ಪದರದಲ್ಲಿ ಬರುತ್ತೆ, ಪೇಂಟ್ ಮೊದಲು ಮುಚ್ಚೋದು ಅದನ್ನೇ. ಯಾವತ್ತು, ಹೇಗೆ ಬಿತ್ತು ಅಂತ ವರ್ಕ್‌ಶಾಪಿನವರ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಬೇಜಾರಾಗ್ತಾರೆ, ಆಗಲಿ ಬಿಡಿ. ಇನ್ಶೂರೆನ್ಸ್ ಇದ್ದರೆ ಕೂಡಲೇ ತಿಳಿಸಿ. ಅವರು ಕಳಿಸೋ ಸರ್ವೇಯರ್ ಕಂಪನಿಗೆ ರಿಪೋರ್ಟ್ ಕೊಡೋಕೆ ಬರೋದು, ನಿಮ್ಮ ದೋಣಿ ನೀರಿಗೆ ಇಳಿಸಬಹುದಾ ಅಂತ ಹೇಳೋಕಲ್ಲ. ಅದಕ್ಕೆ ದೋಣಿ ಕಟ್ಟೋರೇ ಬೇಕು, ನಮ್ಮ ಕಡೆ ಸಿಗಲ್ಲ, ಕರಾವಳಿಯವರನ್ನೇ ಹಿಡೀಬೇಕು.

ಅಷ್ಟರೊಳಗೆ ನೀವೇ ನೋಡಬಹುದಾದದ್ದೂ ಇದೆ. ಕಾಲಿಡೋ ಹಲಗೆ ಬಿಚ್ಚಿಸಿ, ಗೀರು ಇರೋ ಜಾಗದ ಒಳಮೈ ನೋಡಿ. ಒಳಗೆ ಬಣ್ಣ ಇಲ್ಲದ ಕಡೆ ಫೈಬರ್ ಬೆಳ್ಳಗಾಗಿದ್ದರೆ ಪದರ ಒಡೆದಿದೆ ಅಂತ ಅರ್ಥ. ಸಣ್ಣ ಪ್ಲಾಸ್ಟಿಕ್ ಸುತ್ತಿಗೆ ತಗೊಂಡು ಸಂತೆಯಲ್ಲಿ ಮಡಕೆ ತಟ್ಟಿ ನೋಡೋ ಹಾಗೆ ತಳವೆಲ್ಲ ತಟ್ಟಿ. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತೆ, ಬಿಟ್ಟ ಕಡೆ ಡಬ್ ಅನ್ನುತ್ತೆ. ಡಬ್ ಅಂದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ ಫೋಟೋ ತೆಗೀರಿ. ಮಷಿನ್, ಅಂದರೆ ದೋಣಿ ಓಡಿಸೋ ಎಂಜಿನ್, ಕೂರಿಸೋ ಹಿಂದಿನ ಹಲಗೆ ಮರೀಬೇಡಿ. ಅದರೊಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತೆ, ಬಿರುಕಿನಲ್ಲಿ ನೀರು ಇಳಿದರೆ ಒಳಗೇ ಕೊಳೆಯುತ್ತೆ. ಮಷಿನ್ ಕೆಳಭಾಗ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಹಲಗೆ ಬಾಗಿದರೆ ಅಲ್ಲೂ ಕೆಲಸ ಇದೆ. ಬಿದ್ದ ಮೇಲೆ ನೀರಿಗೆ ಇಳಿಸಿದ್ದರೆ ಟ್ರೇಲರ್ ಸಮೇತ ವೇಬ್ರಿಡ್ಜ್‌ಗೆ ಒಯ್ದು ತೂಕ ಹಾಕಿಸಿ, ಹಳೇ ತೂಕಕ್ಕಿಂತ ಜಾಸ್ತಿ ಬಂದರೆ ದೋಣಿ ತೇಲಲಿ ಅಂತ ಒಳಗೆ ತುಂಬಿರೋ ಫೋಮ್ ನೀರು ಕುಡಿದಿರಬಹುದು.

ವರ್ಕ್‌ಶಾಪಿನವರು ಖರ್ಚು ಕೊಡಲ್ಲ ಅಂದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ವ್ಯಾಪಾರದ ದೋಣಿ ಅಂತ ತಕರಾರು ತೆಗೀತಾರೆ, ಆಗ ಹೊಟ್ಟೆಪಾಡಿಗೆ ನಾನೇ ನಡೆಸೋದು ಅಂತ ದೂರಿನಲ್ಲೇ ಸ್ಪಷ್ಟವಾಗಿ ಬರೆದಿರಬೇಕು. ರಿಜಿಸ್ಟರ್‌ನಲ್ಲಿ ಇನ್ನೂ ಸಹಿ ಹಾಕಿಲ್ಲ ತಾನೇ?