ಹೊರಗಿನವರೆಂಬ ಭಾವನೆ ಪಾಪ್ ಕಲಾವಿದರ ಖ್ಯಾತಿಯ ಹಾದಿಯನ್ನು ಹೇಗೆ ರೂಪಿಸುತ್ತದೆ?

ಆ ಭಾವನೆಯೊಂದೇ ಯಾರಿಗೂ ಖ್ಯಾತಿ ತಂದುಕೊಡುವುದಿಲ್ಲ; ಆದರೆ ತಮಗೆಂದು ಸಿದ್ಧವಾದ ಜಾಗವಿಲ್ಲದ ಕಲಾವಿದರು ಹೆಸರು, ವೇಷ, ದನಿ ಎಲ್ಲವನ್ನೂ ತಾವೇ ಕಟ್ಟಿಕೊಳ್ಳಬೇಕಾಗುತ್ತದೆ, ಹಾಗೆ ಕಟ್ಟಿಕೊಂಡ ವ್ಯಕ್ತಿತ್ವವೇ ಮುಂದೆ ಅವರ ಗುರುತಾಗುತ್ತದೆ. ಉದಾಹರಣೆಗೆ, 1946ರಲ್ಲಿ ಪೂರ್ವ ಆಫ್ರಿಕಾದ ದ್ವೀಪ ಜಾಂಜಿಬಾರ್‌ನ ಪಾರ್ಸಿ ಕುಟುಂಬದಲ್ಲಿ ಹುಟ್ಟಿ, ಪಂಚಗಣಿಯ ವಸತಿಶಾಲೆಯಲ್ಲಿ ಓದಿ, 1964ರ ಜಾಂಜಿಬಾರ್ ಕ್ರಾಂತಿಯ ಬಳಿಕ ಕುಟುಂಬದೊಂದಿಗೆ ಇಂಗ್ಲೆಂಡಿಗೆ ಬಂದ ಫರೋಖ್ ಬುಲ್ಸಾರಾ, 1970ರಲ್ಲಿ ತಾವು ಹಾಡುತ್ತಿದ್ದ ಕ್ವೀನ್ ಎಂಬ ರಾಕ್ ತಂಡ ರೂಪುಗೊಂಡ ಆಸುಪಾಸಿನಲ್ಲಿ ಫ್ರೆಡ್ಡಿ ಮರ್ಕ್ಯುರಿ ಎಂಬ ಹೆಸರನ್ನು ತಳೆದರು. ಖಾಸಗಿಯಾಗಿ ಸಂಕೋಚದ ಸ್ವಭಾವದವರಾಗಿದ್ದ ಅವರಿಗೆ ವೇದಿಕೆಯ ಮೇಲಿನ ಆ ಅಬ್ಬರದ ವ್ಯಕ್ತಿ ಒಂದು ರೀತಿಯ ರಕ್ಷಾಕವಚವೂ ಆಗಿದ್ದಿರಬೇಕೆಂದು ನನಗೆ ತೋರುತ್ತದೆ.

ಇದು ಫಲಿಸಲು ಮುಖ್ಯ ಕಾರಣ ಕೇಳುಗರಲ್ಲಿದೆ. ತಾವೂ ಗುಂಪಿಗೆ ಸೇರದವರೆಂದುಕೊಂಡಿರುವ ಕೇಳುಗರು, ವಿಶೇಷವಾಗಿ ಹದಿಹರೆಯದವರು, ಅಂಥ ಕಲಾವಿದರಲ್ಲಿ ತಮ್ಮನ್ನೇ ಕಾಣುತ್ತಾರೆ. ಅವರ ನಿಷ್ಠೆ ಕೇವಲ ಹಾಡಿನ ಮೆಚ್ಚುಗೆಗಿಂತ ಗಾಢವಾಗಿರುವುದರಿಂದ, ಆರಂಭದ ಸಣ್ಣ ಅಭಿಮಾನಿ ಬಳಗವೇ ಹೆಸರನ್ನು ಊರೆಲ್ಲ ಹರಡುತ್ತದೆ. ಶಾಲೆಯಲ್ಲಿ ಅಪಹಾಸ್ಯಕ್ಕೆ ಗುರಿಯಾದುದನ್ನು ಹೇಳಿಕೊಂಡಿರುವ ಅಮೆರಿಕದ ಪಾಪ್ ಗಾಯಕಿ ಲೇಡಿ ಗಾಗಾ, ತಮ್ಮ ಅಭಿಮಾನಿಗಳನ್ನು ‘ಲಿಟಲ್ ಮಾನ್‌ಸ್ಟರ್ಸ್’, ಅಂದರೆ ಪುಟ್ಟ ರಾಕ್ಷಸರು, ಎಂದು ಕರೆದು ಈ ನಂಟಿಗೆ ಹೆಸರನ್ನೇ ಇಟ್ಟರು. ತೊಡಕು ಎದುರಾಗುವುದು ಗೆದ್ದ ಮೇಲೆ: ಕ್ರೀಡಾಂಗಣಗಳನ್ನೇ ತುಂಬಿಸುವವರು ತಾವಿನ್ನೂ ಹೊರಗಿನವರೆಂದು ಹಾಡಿದರೆ ನಂಬುವವರು ಕಡಿಮೆಯಾಗುತ್ತಾರೆ.