ಹಿನ್ನೀರಿಗೆ ಆ ವೇಗದ ಹಡಗು ಬಂದೀತೇ?

ಪ್ರಶ್ನೆ: ಅಣ್ಣನ ಮಗ ಹಾಂಕಾಂಗ್‌ನಿಂದ ಮಕಾವುಗೆ ಹೋಗುವ ಹಡಗಿನ ವಿಡಿಯೊ ಕಳಿಸಿದ್ದ. ಕೆಳಗೆ ಜೋಡಿ ದೋಣಿ, ಮೇಲೆ ಬಸ್ಸಿನ ಹಾಗೆ ಸೀಟು, ಒಂದು ಗಂಟೆಯಲ್ಲಿ ಆಚೆ ದಡ. ದಿನವಿಡೀ ಹಾಗೆ ಓಡಿದರೆ ಅದು ಎಷ್ಟು ಕಾಲ ಬಾಳುತ್ತದೆ? ಸೇತುವೆಯಾದ ಮೇಲೆ ಸಿಗಂದೂರು ಲಾಂಚಿಗೆ ಕೆಲಸ ಕಮ್ಮಿಯಾಗಿದೆ. ಪ್ರವಾಸಿಗರಿಗಾಗಿ ಶರಾವತಿ ಹಿನ್ನೀರಿಗೆ ಅಂಥದ್ದನ್ನು ತರಬಾರದೇ?
– ಓದುಗರೊಬ್ಬರು, ತುಮರಿ

ಉತ್ತರ: ಸಾಗರಕ್ಕೆ ಬಂದು ನೆಲೆಸುವ ಮೊದಲು ನಾನು ಅಂಥ ಹಡಗುಗಳ ಎಂಜಿನ್ ರೂಮಿನಲ್ಲೇ ದುಡಿದವನು. ನಿಮ್ಮ ಪ್ರಶ್ನೆ ನೋಡಿ ನಿಜಕ್ಕೂ ಖುಷಿಯಾಯಿತು.

ಅದಕ್ಕೆ ಕ್ಯಾಟಮರಾನ್ ಎನ್ನುತ್ತಾರೆ. ಎರಡೂ ಒಡಲು ತೆಳ್ಳಗಿರುವುದರಿಂದ ನೀರನ್ನು ಸೀಳಿಕೊಂಡು ಹೋಗುತ್ತವೆ, ದೊಡ್ಡ ಅಲೆ ಎಬ್ಬಿಸುವುದರಲ್ಲಿ ಶಕ್ತಿ ಪೋಲಾಗುವುದಿಲ್ಲ. ಆ ಮಾರ್ಗದಲ್ಲಿ ಓಡಿರುವ ಆಸ್ಟ್ರೇಲಿಯಾದ ಆಸ್ಟಲ್ ಕಂಪನಿಯ ಹಡಗುಗಳು 48 ಮೀಟರ್ ಉದ್ದ, ನಾನೂರರಷ್ಟು ಜನರನ್ನು ಕೂರಿಸಿಕೊಂಡು 40 ನಾಟ್ ದಾಟುತ್ತವೆ. ಅಂದರೆ ಗಂಟೆಗೆ 74 ಕಿಲೋಮೀಟರಿಗೂ ಹೆಚ್ಚು. ನಾಲ್ಕು ಡೀಸೆಲ್ ಎಂಜಿನ್, ನಾಲ್ಕು ವಾಟರ್‌ಜೆಟ್. ಹೊರಗೆ ತಿರುಗುವ ಫ್ಯಾನೇ ಇಲ್ಲ. ತಳದಿಂದ ನೀರೆಳೆದು ಹಿಂದಕ್ಕೆ ಚಿಮ್ಮಿಸುತ್ತದೆ.

ಅಲ್ಯುಮಿನಿಯಂ ಒಡಲು ಇಪ್ಪತ್ತು, ಇಪ್ಪತ್ತೈದು ವರ್ಷ ಬಾಳೀತು, ಆದರೆ ಆ ಆಯಸ್ಸನ್ನು ರಾತ್ರಿ ಪಾಳಿಯವರು ಗಳಿಸಿಕೊಡಬೇಕು. ಕೊನೆಯ ಟ್ರಿಪ್ಪಿನ ಪ್ರಯಾಣಿಕರು ಇಳಿದ ಮೇಲೆ ನಮ್ಮ ಕೆಲಸ ಶುರು. ಕಾದ ಎಂಜಿನ್ನಿನ ಪಕ್ಕ ಮಂಡಿಯೂರಿ ಫಿಲ್ಟರ್ ಬದಲಿಸಬೇಕು, ಆಯಿಲ್ ತೆಗೆದು ಅದರಲ್ಲಿ ಲೋಹದ ಪುಡಿ ಬಂದಿದೆಯೇ ಎಂದು ಪರೀಕ್ಷೆಗೆ ಕಳಿಸಬೇಕು, ಟಾರ್ಚ್ ಹಿಡಿದು ವೆಲ್ಡಿಂಗಿನ ಗೆರೆಗಳಲ್ಲಿ ಕೂದಲೆಳೆಯ ಬಿರುಕು ಹುಡುಕಬೇಕು. ಅಲೆಗೆ ದಿನವಿಡೀ ಬಡಿಸಿಕೊಂಡ ಅಲ್ಯುಮಿನಿಯಂ ಒಳಗೊಳಗೇ ದಣಿಯುತ್ತದೆ. ಉಪ್ಪುನೀರಿನಲ್ಲಿ ಉಕ್ಕು ತಾಗಿದ ಕಡೆ ಬೇಗ ತಿನ್ನಿಸಿಕೊಳ್ಳುತ್ತದೆ, ಅದಕ್ಕೇ ಸತುವಿನ ಗಟ್ಟಿಗಳನ್ನು ಕಟ್ಟುವುದು. ಒಡಲಿನ ಬದಲು ಅವು ಸವೆಯಲಿ ಎಂದು. ಇನ್ನು ತೂಕ! ಒಂದು ಹಳೇ ಪೈಪು ಬಿದ್ದಿದ್ದರೂ ನಮ್ಮ ಹಿರಿಯ ಎಂಜಿನಿಯರ್ ದಡಕ್ಕೆ ಹಾಕಿಸುತ್ತಿದ್ದರು. ತೂಕ ಹೆಚ್ಚಿದರೆ ವೇಗ ಬೀಳುತ್ತದೆ, ಡೀಸೆಲ್ ಏರುತ್ತದೆ. ಅವರ ಹಟ ಸರಿಯಾದದ್ದೇ.

ಕ್ಯಾಪ್ಟನ್‌ಗೂ ಸಾಮಾನ್ಯ ಲೈಸೆನ್ಸ್ ಸಾಲದು. ವೇಗದ ಹಡಗುಗಳ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಆ ನಮೂನೆಯ ಹಡಗಿಗೆ, ಆ ಮಾರ್ಗಕ್ಕೆ ಬೇರೆಯೇ ಅರ್ಹತೆ ಪಡೆಯಬೇಕು. ಅಲೆಯ ಎತ್ತರ ಮಿತಿ ಮೀರಿದರೆ ಯಾರು ಎಷ್ಟು ಕೂಗಾಡಿದರೂ ಹಡಗು ಹೊರಡಬಾರದು.

ಈಗ ನಮ್ಮ ಹಿನ್ನೀರು. ಬೇಡ ಎನ್ನುವುದೇ ನನ್ನ ಗಟ್ಟಿ ಅಭಿಪ್ರಾಯ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಕಾಡು, ಊರು, ಗದ್ದೆ ಎಲ್ಲ ಮುಳುಗಿದವು. ಬೇಸಿಗೆಯಲ್ಲಿ ನೀರಿಳಿದಾಗ ಮಡೆನೂರಿನ ಹಳೇ ಅಣೆಕಟ್ಟೆ ಮೇಲೇಳುವುದನ್ನೂ, ಮರದ ಬೊಡ್ಡೆಗಳು ಸಾಲಾಗಿ ನಿಲ್ಲುವುದನ್ನೂ ನೀವೇ ನೋಡಿದ್ದೀರಿ. 40 ನಾಟ್ ವೇಗದಲ್ಲಿ ತೆಳು ಅಲ್ಯುಮಿನಿಯಂ ಒಂದು ಬೊಡ್ಡೆಗೆ ತಾಗಿದರೆ ಹರಿದೇ ಹೋಗುತ್ತದೆ. ಮಳೆಗಾಲದಲ್ಲಿ ತೇಲಿಬರುವ ಕೊಂಬೆ, ತರಗು ವಾಟರ್‌ಜೆಟ್ಟಿನ ಬಾಯಿ ಕಟ್ಟುತ್ತವೆ. ದೂರವೂ ಸಾಲದು: 2025ರ ಜುಲೈಯಲ್ಲಿ ತೆರೆದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯ ಉದ್ದ ಎರಡೂವರೆ ಕಿಲೋಮೀಟರಿನ ಒಳಗೇ ಇದೆ. ಅಷ್ಟರಲ್ಲಿ ಹಡಗು ವೇಗ ಹಿಡಿದು ಮತ್ತೆ ಇಳಿಸಬೇಕು.

ಜೋಡಿ ಒಡಲು ಬೇಕೇ ಬೇಕೆಂದರೆ ಕೊಚ್ಚಿಗೆ ಹೋಗಿ ನೋಡಿ. ಅಲ್ಲಿನ ವಾಟರ್ ಮೆಟ್ರೊ 2023ರಲ್ಲಿ ಆರಂಭವಾಯಿತು. ಕೊಚ್ಚಿನ್ ಶಿಪ್‌ಯಾರ್ಡ್ ಕಟ್ಟಿದ ದೋಣಿಗಳು ಅಲ್ಯುಮಿನಿಯಂ ಕ್ಯಾಟಮರಾನ್‌ಗಳೇ, ಬ್ಯಾಟರಿಯಲ್ಲಿ ಎಂಟು ನಾಟ್ ಆಸುಪಾಸಿನಲ್ಲಿ ನಿಧಾನವಾಗಿ ಸಾಗುತ್ತವೆ. ಹೊಗೆಯಿಲ್ಲ, ಗಲಾಟೆಯಿಲ್ಲ, ದಡ ಕೊರೆಯುವ ಅಲೆಯೂ ಇಲ್ಲ. ನಮ್ಮಲ್ಲಿ ಅಂಥದ್ದನ್ನು ಬಿಡುವುದಾದರೆ ಮೊದಲು ಬೊಡ್ಡೆಗಳನ್ನು ಗುರುತಿಸಿ ದಾರಿ ತೋರಿಸಲು ಬೋಯಾ, ಅಂದರೆ ನೀರ ಮೇಲೆ ತೇಲುವ ಗುರುತು, ಹಾಕಲಿ. ನೀರು ಎಷ್ಟೇ ಇಳಿದರೂ ಹತ್ತಿ ಇಳಿಯಲು ಬರುವಂತೆ ತೇಲುವ ಜೆಟ್ಟಿ ಮಾಡಲಿ. ಹಡಗಿನ ಮಾತು ಆಮೇಲೆ.